ಬೇಲೂರಿನಿಂದ ಧರ್ಮಸ್ಥಳಕ್ಕೆ ನಾಲ್ಕು ದಿನದ ಪಾದಯಾತ್ರೆ: ಚಾರ್ಮಾಡಿ ಇಳಿಯುವವರಿಗೆ ಸಮಗ್ರ ಮಾರ್ಗದರ್ಶಿ

ಶಿವರಾತ್ರಿ ಹತ್ತಿರ ಬಂತೆಂದರೆ ಹಾಸನ, ಬೇಲೂರು, ಮೂಡಿಗೆರೆ ರಸ್ತೆಗಳಲ್ಲಿ ಧರ್ಮಸ್ಥಳಕ್ಕೆ ಹೊರಟ ಪಾದಯಾತ್ರಿಗಳ ಸಾಲು ಶುರುವಾಗುತ್ತದೆ. ಬೆಂಗಳೂರಿನಿಂದ ಹೊರಟವರಿಗೆ ಇದು ಸುಮಾರು 300 ಕಿ.ಮೀ. ದಾರಿ. ಅಷ್ಟು ರಜೆ ಎಲ್ಲರಿಗೂ ಸಿಗುವುದಿಲ್ಲ, ಅಷ್ಟು ನಡೆಯುವ ಕಾಲೂ ಎಲ್ಲರಿಗೆ ಇರುವುದಿಲ್ಲ. ಅಂಥವರು ಬೇಲೂರಿನವರೆಗೆ ಬಸ್ಸಿನಲ್ಲಿ ಬಂದು ಕೊನೆಯ 90 ಕಿ.ಮೀ. ಚಿಲ್ಲರೆ ಮಾತ್ರ ನಡೆಯಬಹುದು. ಕಾಫಿ ತೋಟ, ಶೋಲಾ ಕಾಡು, ಚಾರ್ಮಾಡಿ ಘಾಟಿ, ಆಮೇಲೆ ಅಡಿಕೆ ತೋಟ. ಇಡೀ ದಾರಿಯಲ್ಲಿ ನೋಡಲು ಚೆಂದ ಇರುವುದು ಇದೇ ಭಾಗ. ಕಾಲು ಕೈಕೊಡುವುದೂ ಇದೇ ಭಾಗದಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಸುತ್ತಲೇ ಇದೆ. ಈ ದಾರಿಯಲ್ಲಿ ಕಷ್ಟ ಹತ್ತುವುದಲ್ಲ, ಇಳಿಯುವುದು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಊರಿನವರೆಗೆ 20 ಕಿ.ಮೀ.ಗೂ ಜಾಸ್ತಿ ಬರೀ ಇಳಿಜಾರು. ಅದೂ ಮಣ್ಣಿನ ದಾರಿ ಅಲ್ಲ, ಡಾಂಬರು. ಮೊದಲ ಎರಡು ದಿನ ಜೋರಾಗಿ ನಡೆದು ಬೀಗಿದವರು ಮೂರನೇ ದಿನ ಮೊಣಕಾಲು ಹಿಡಿದುಕೊಂಡು ತಿರುವಿನ ಕಲ್ಲಿನ ಮೇಲೆ ಕೂತಿರುತ್ತಾರೆ. ಹಾಗಾಗಿ ನಿಮ್ಮ ತಯಾರಿ, ನಿಮ್ಮ ವೇಗ, ನಿಮ್ಮ ಚೀಲದ ಭಾರ ಎಲ್ಲವನ್ನೂ ಆ ಮೂರನೇ ದಿನಕ್ಕೆ ಲೆಕ್ಕ ಹಾಕಿಯೇ ಇಟ್ಟುಕೊಳ್ಳಿ.

ಯಾವಾಗ ಹೋಗುವುದು

ಶಿವರಾತ್ರಿ ಬರುವುದು ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ. ಆಗ ಹೋದರೆ ಜೊತೆಗೆ ಸಾವಿರಾರು ಜನ ಇರುತ್ತಾರೆ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಕಲ್ಲಂಗಡಿ ಹಂಚುವವರು ಸಿಗುತ್ತಾರೆ. ಮಲಗಲು ಜಾಗ ಕೊಡುವವರಿದ್ದಾರೆ, ಕಾಲಿಗೆ ಎಣ್ಣೆ ಹಚ್ಚಿ ಉಜ್ಜಿ ಕಳಿಸುವವರೂ ಇದ್ದಾರೆ. ಮೊದಲ ಸಲ ಹೋಗುವವರಿಗೆ ಇದೇ ಒಳ್ಳೆಯದು. ತೊಂದರೆ ಎರಡು: ಬಿಸಿಲು ಮತ್ತು ನೂಕುನುಗ್ಗಲು.

ಇನ್ನೊಂದು ವಿಷಯ ಬಹಳ ಜನ ಯೋಚಿಸುವುದೇ ಇಲ್ಲ. ಶಿವರಾತ್ರಿ ಅಮಾವಾಸ್ಯೆಯ ಹಿಂದಿನ ಚತುರ್ದಶಿ. ಅಂದರೆ ನೀವು ನಡೆಯುವ ದಿನಗಳಲ್ಲಿ ಚಂದ್ರ ದಿನದಿನಕ್ಕೂ ಕರಗುತ್ತಾ, ಬೆಳಗಿನ ಜಾವ ತಡವಾಗಿ ಹುಟ್ಟುತ್ತಾನೆ. ಬೆಳದಿಂಗಳಲ್ಲಿ ನಡೆಯುವ ಕನಸು ಬಿಡಿ, ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಮರೆಯಬೇಡಿ.

ಬೆಟ್ಟ ಹಸಿರಾಗಿರಬೇಕು, ಗದ್ದಲ ಬೇಡ ಅನ್ನುವವರು ಮಳೆಗಾಲ ಮುಗಿದ ಮೇಲೆ ನವೆಂಬರ್, ಡಿಸೆಂಬರ್‌ನಲ್ಲಿ ಹೋಗಬಹುದು. ಧರ್ಮಸ್ಥಳದಲ್ಲಿ ಕಾರ್ತಿಕ ಮಾಸದ ಲಕ್ಷದೀಪೋತ್ಸವ ನಡೆಯುವುದೂ ಆಗಲೇ. ಆದರೆ ಆಗ ದಾರಿಯಲ್ಲಿ ಕರೆದು ಕೂರಿಸಿ ಮಜ್ಜಿಗೆ ಕೊಡುವವರು ಇರುವುದಿಲ್ಲ. ಊಟ, ನೀರು, ಮಲಗುವ ಜಾಗ ಎಲ್ಲವನ್ನೂ ನೀವೇ ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಬೇಡವೇ ಬೇಡ. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿತ್ತು. ಮಳೆ ಹಿಡಿದರೆ ಅಲ್ಲಿ ಮಂಜಿನಲ್ಲಿ ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ, ಲಾರಿಯವನಿಗೆ ನೀವೂ ಕಾಣುವುದಿಲ್ಲ.

ಕಾಲನ್ನು ಪಳಗಿಸುವುದು

ಕನಿಷ್ಠ ಆರು ವಾರ ಮೊದಲು ಶುರುಮಾಡಿ. ವಾರದಲ್ಲಿ ನಾಲ್ಕು ದಿನ ಒಂದೊಂದು ಗಂಟೆ ನಡೆದರೆ ಸಾಕು, ಭಾನುವಾರ ಮಾತ್ರ ಉದ್ದ ನಡಿಗೆ. 8 ಕಿ.ಮೀ.ಯಿಂದ ಶುರುಮಾಡಿ ವಾರಕ್ಕೆ ಎರಡು-ಮೂರು ಕಿ.ಮೀ. ಏರಿಸುತ್ತಾ 20ಕ್ಕೆ ತನ್ನಿ. ಹೊರಡುವ ಎರಡು ವಾರ ಮೊದಲು ಒಮ್ಮೆ ಶನಿವಾರ, ಭಾನುವಾರ ಎರಡೂ ದಿನ ನಡೆಯಿರಿ. ಒಂದು ದಿನ 20 ಕಿ.ಮೀ. ನಡೆಯುವುದು ಬೇರೆ, ಮಾರನೇ ದಿನ ನೋವಿರುವ ಕಾಲಿನಲ್ಲೇ ಎದ್ದು ಮತ್ತೆ ನಡೆಯುವುದು ಬೇರೆ. ಪಾದಯಾತ್ರೆ ಅಂದರೆ ಎರಡನೆಯದು.

ಈಗ ಮುಖ್ಯವಾದದ್ದು. ಇಳಿಯುವ ಅಭ್ಯಾಸ ಮಾಡಿ. ಹತ್ತಿರದಲ್ಲಿ ಬೆಟ್ಟ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಾಲ್ಕೈದು ಮಹಡಿಯ ಕಟ್ಟಡ ಸಾಕು. ಹತ್ತುವಾಗ ಲಿಫ್ಟ್‌ನಲ್ಲಿ ಹೋದರೂ ಪರವಾಗಿಲ್ಲ, ಇಳಿಯುವಾಗ ಮೆಟ್ಟಿಲು. ನಿಧಾನವಾಗಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಸದ್ದಾಗದಂತೆ ಕಾಲಿಡುತ್ತಾ ಇಳಿಯಿರಿ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಎಳೆದುಕೊಂಡೇ ಭಾರ ತಡೆಯಬೇಕು, ಅದಕ್ಕೇ ಮೊದಲ ಸಲ ಮಾಡಿದ ಎರಡನೇ ದಿನ ತೊಡೆ ಕಲ್ಲಿನಂತಾಗುತ್ತದೆ. ಆ ನೋವು ಮನೆಯಲ್ಲೇ ಬಂದು ಹೋಗಲಿ. ಒಮ್ಮೆ ಅನುಭವಿಸಿದ ಸ್ನಾಯು ಮುಂದಿನ ಸಲ ಅಷ್ಟು ನೋಯುವುದಿಲ್ಲ.

ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದ ಗಾಯ ಗೊತ್ತೇ ಆಗದಿರಬಹುದು. ಅಂಥವರು ಬರಿಗಾಲಿನ ಹರಕೆ ಹೊರುವುದು ಬೇಡ, ದೇವರೇನೂ ಕೋಪ ಮಾಡಿಕೊಳ್ಳುವುದಿಲ್ಲ.

ಶೂ, ಸಾಕ್ಸ್, ಬರಿಗಾಲು

ಹೊಸ ಶೂ ಹಾಕಿಕೊಂಡು ಹೊರಡುವವರು ಪ್ರತಿ ವರ್ಷ ಸಿಗುತ್ತಾರೆ. ಹೊಸದು ತಗೊಂಡರೆ ಅದರಲ್ಲಿ ಕನಿಷ್ಠ 80-100 ಕಿ.ಮೀ. ನಡೆದು ಪಳಗಿಸಿ. ಟ್ರೆಕ್ಕಿಂಗ್ ಬೂಟು ಬೇಕಿಲ್ಲ, ಪೂರ್ತಿ ಡಾಂಬರು ರಸ್ತೆ ಇರುವುದರಿಂದ ಮೆತ್ತನೆ ಅಡಿಯ ಓಟದ ಶೂ ಸಾಕು. ಅರ್ಧ ಅಥವಾ ಒಂದು ಸೈಜ್ ದೊಡ್ಡದು ತಗೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಪಾದ ಊದುತ್ತದೆ. ಘಾಟಿಯಲ್ಲಂತೂ ಬೆರಳು ಮುಂದಕ್ಕೆ ಜಾರಿ ಶೂನ ಮೂತಿಗೆ ಬಡಿಯುತ್ತಲೇ ಇರುತ್ತದೆ. ಹೆಬ್ಬೆರಳಿನ ಉಗುರು ಕಪ್ಪಾಗುವುದು ಹೀಗೇ. ಹೊರಡುವ ಮೂರು ದಿನ ಮೊದಲು ಉಗುರನ್ನು ನೇರವಾಗಿ, ಗಿಡ್ಡ ಕತ್ತರಿಸಿ. ಹಿಂದಿನ ರಾತ್ರಿ ಕತ್ತರಿಸಿದರೆ ತುದಿ ಚುಚ್ಚುತ್ತದೆ.

ಸಾಕ್ಸ್ ಪೂರ್ತಿ ಹತ್ತಿಯದು ಬೇಡ. ಬೆವರು ಹೀರಿ ಒದ್ದೆಯಾಗಿಯೇ ಉಳಿದು ಚರ್ಮ ಮೆತ್ತಗಾಗುತ್ತದೆ, ಬೊಬ್ಬೆ ಏಳುತ್ತದೆ. ಬೇಗ ಒಣಗುವ ಬಗೆಯ ಮೂರು ಜೊತೆ ಇರಲಿ. ಒಂದು ಕಾಲಲ್ಲಿ, ಒಂದು ಚೀಲದ ಹೊರಗೆ ಒಣಗುತ್ತಾ, ಒಂದು ಒಳಗೆ. ಮಧ್ಯದ ವಿರಾಮದಲ್ಲಿ ಶೂ, ಸಾಕ್ಸ್ ಎರಡೂ ಬಿಚ್ಚಿ ಪಾದಕ್ಕೆ ಗಾಳಿ ಆಡಿಸಿ. ತೊಡೆಸಂದಿಗೆ, ಕಂಕುಳಿಗೆ ಬೆಳಗ್ಗೆಯೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿ. ಇದನ್ನು ಹೇಳಲು ನಾಚಿಕೆ ಪಟ್ಟೇ ಎಷ್ಟೋ ಜನ ಎರಡನೇ ದಿನ ಕಾಲಗಲಿಸಿ ನಡೆಯುತ್ತಾರೆ.

ಬರಿಗಾಲಿನ ಹರಕೆ ಇದ್ದರೆ ಬೆಳಗಿನ ಜಾವ ಮತ್ತು ಸಂಜೆ ಮಾತ್ರ ನಡೆಯಿರಿ. ಬಿಸಿಲೇರಿದ ಮೇಲೆ ನಡೆಯಲೇಬೇಕಾಗಿ ಬಂದರೆ ರಸ್ತೆ ಅಂಚಿನ ಬಿಳಿ ಪಟ್ಟೆ ಡಾಂಬರಿನಷ್ಟು ಕಾಯುವುದಿಲ್ಲ. ಆದರೂ ಚೀಲದಲ್ಲಿ ಒಂದು ಜೊತೆ ಚಪ್ಪಲಿ ಇರಲಿ.

ಚೀಲ, ಟೆಂಪೋ, ತಂಡ

ಹೆಚ್ಚಿನ ತಂಡಗಳು ಒಂದು ಟೆಂಪೋ ಇಟ್ಟುಕೊಂಡಿರುತ್ತವೆ. ಅಡುಗೆ ಸಾಮಾನು, ಹಾಸಿಗೆ, ಬಟ್ಟೆ ಎಲ್ಲ ಅದರಲ್ಲಿ. ಅಡುಗೆಯವರು ಮುಂದೆ ಹೋಗಿ ಊಟ ತಯಾರಿಟ್ಟಿರುತ್ತಾರೆ. ನಿಮ್ಮ ಊರಿನಲ್ಲಿ ವರ್ಷಾ ವರ್ಷಾ ಹೋಗುವ ತಂಡ ಇದ್ದೇ ಇರುತ್ತದೆ, ಮೊದಲ ಸಲ ಅವರ ಜೊತೆ ಸೇರಿಕೊಳ್ಳಿ. ಸೇರುವ ಮೊದಲು ಎರಡು ಪ್ರಶ್ನೆ ಕೇಳಿ: ದಿನಕ್ಕೆ ಎಷ್ಟು ಕಿ.ಮೀ., ಮತ್ತು ಘಾಟಿಯನ್ನು ರಾತ್ರಿ ಇಳಿಯುತ್ತೀರೋ ಹಗಲೋ. ದಿನಕ್ಕೆ 45-50 ಅನ್ನುವ ತಂಡವೂ ಇದೆ. ಮೊದಲ ಸಲದವರಿಗೆ ಅದು ಬೇಡ.

ಟೆಂಪೋ ಇದ್ದರೂ ಬೆನ್ನಿಗೆ ಒಂದು ಸಣ್ಣ ಚೀಲ ಬೇಕು, ಯಾಕೆಂದರೆ ಬೇಕಾದಾಗ ಟೆಂಪೋ ಯಾವತ್ತೂ ಹತ್ತಿರ ಇರುವುದಿಲ್ಲ. ಒಂದೂವರೆ ಲೀಟರ್ ನೀರು, ಓ.ಆರ್.ಎಸ್. ಪೊಟ್ಟಣ, ಕಡಲೆ-ಬೆಲ್ಲ, ಟಾರ್ಚ್, ಟೋಪಿ, ಒಂದು ಟವೆಲ್, ಸಾಕ್ಸ್, ಬ್ಯಾಂಡೇಜು, ಕಾಗದದ ಟೇಪು, ಆಧಾರ್ ಪ್ರತಿ, ಮನೆಯವರ ನಂಬರ್ ಬರೆದ ಚೀಟಿ. ಎಲ್ಲಾ ಸೇರಿ ನಾಲ್ಕು ಕಿಲೋ ದಾಟಬಾರದು. ಟೆಂಪೋ ಇಲ್ಲದೆ ಹೋಗುವವರು ಆರು ಕಿಲೋದಲ್ಲಿ ಮುಗಿಸಿ: ಎರಡು ಜೊತೆ ಬಟ್ಟೆ, ಒಂದು ತೆಳು ಹೊದಿಕೆ, ಮಡಚುವ ಚಾಪೆ. ಕಂಬಳಿ ಬೇಡ, ಆದರೆ ಕೊಟ್ಟಿಗೆಹಾರದಲ್ಲಿ ಬೆಳಗಿನ ಜಾವ ಚಳಿ ಇರುತ್ತದೆ, ಒಂದು ಸ್ವೆಟರ್ ಬೇಕಾಗುತ್ತದೆ.

ಮಲಗುವುದು ಸಾಮಾನ್ಯವಾಗಿ ಶಾಲೆ, ದೇವಸ್ಥಾನದ ಜಗಲಿ, ಕಲ್ಯಾಣ ಮಂಟಪಗಳಲ್ಲಿ. ಶಾಲೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಕತ್ತಲಾದ ಮೇಲೆ ಬಾಗಿಲು ತಟ್ಟುವುದು ಬೇಡ. ಹೆಣ್ಣುಮಕ್ಕಳಿಗೆ ಶೌಚಾಲಯದ್ದೇ ದೊಡ್ಡ ಚಿಂತೆ. ಅದಕ್ಕೇ ನೀರು ಕಡಿಮೆ ಕುಡಿದು ನಡೆಯುವವರಿದ್ದಾರೆ, ಬಿಸಿಲಲ್ಲಿ ಅದು ಅಪಾಯ. ಬೇಲೂರು, ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಉಜಿರೆ ಈ ಊರುಗಳಲ್ಲಿ ಹೋಟೆಲ್, ಪೆಟ್ರೋಲ್ ಬಂಕ್ ಸಿಗುತ್ತವೆ. ವಿರಾಮವನ್ನು ಅಲ್ಲಿಗೇ ಹೊಂದಿಸಿಕೊಳ್ಳಿ. ಘಾಟಿ ಶುರುವಾಗುವ ಮೊದಲು ಕೊಟ್ಟಿಗೆಹಾರದಲ್ಲಿ ತಪ್ಪಿಸಬೇಡಿ.

ದಿನದ ಲೆಕ್ಕ, ರಸ್ತೆಯ ಲೆಕ್ಕ

ಬೆಳಗ್ಗೆ ಮೂರೂವರೆ ನಾಲ್ಕಕ್ಕೆ ಎದ್ದು, ಒಂದು ಬಾಳೆಹಣ್ಣು, ಟೀ ಕುಡಿದು ಹೊರಟರೆ ಹತ್ತು ಗಂಟೆಯೊಳಗೆ ದಿನದ ಮುಕ್ಕಾಲು ದಾರಿ ಮುಗಿದಿರುತ್ತದೆ. ಹನ್ನೊಂದರಿಂದ ಮೂರೂವರೆವರೆಗೆ ನೆರಳಲ್ಲಿ ಊಟ, ನಿದ್ದೆ. ಆಮೇಲೆ ಉಳಿದದ್ದು. ಕತ್ತಲಾದ ಮೇಲೆ ನಡೆಯಬೇಡಿ. ಬೆಳಗಿನ ಜಾವದ ಕತ್ತಲಿಗೂ ಸಂಜೆಯ ಕತ್ತಲಿಗೂ ವ್ಯತ್ಯಾಸ ಇದೆ: ಸಂಜೆ ನಿಮ್ಮ ಕಾಲು ಸೋತಿರುತ್ತದೆ, ರಸ್ತೆಯಲ್ಲಿ ಗಾಡಿಗಳೂ ಜಾಸ್ತಿ.

ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ ನಡೆಯಿರಿ, ಎದುರಿಗೆ ಬರುವ ಗಾಡಿ ಕಾಣುವಂತೆ. ಬೆನ್ನಿಗೆ, ಚೀಲಕ್ಕೆ ಹೊಳೆಯುವ ಪಟ್ಟಿ ಅಂಟಿಸಿ. ಒಬ್ಬರ ಹಿಂದೆ ಒಬ್ಬರು, ಮಾತಾಡುತ್ತಾ ಮೂರು ಜನ ಸಾಲಾಗಿ ಹೋಗುವುದು ಬೇಡ. ಹಾಡು ಕೇಳಬೇಕಾದರೆ ಒಂದೇ ಕಿವಿಗೆ ಇಯರ್‌ಫೋನ್, ಘಾಟಿಯಲ್ಲಿ ಅದೂ ಬೇಡ. ಡಾಂಬರಿನ ಮೇಲೆ ಮಲಗುವವರನ್ನೂ ನೋಡಿದ್ದೇನೆ. ಸುಸ್ತಾಗಿದ್ದರೂ ಸರಿ, ರಸ್ತೆಯಿಂದ ಆಚೆ ಹೋಗಿ ಕೂರಿ.

ದಾರಿಯಲ್ಲಿ ಕೊಡುವುದನ್ನೆಲ್ಲ ತಿನ್ನುವ ಆಸೆ ಆಗುತ್ತದೆ, ಅಲ್ವಾ? ಮಜ್ಜಿಗೆ, ಕೋಸಂಬರಿ, ಹಣ್ಣು, ಗಂಜಿ ಧಾರಾಳವಾಗಿ ತಗೊಳ್ಳಿ. ಕರಿದದ್ದು, ಸಿಹಿ ಕಡಿಮೆ ಮಾಡಿ. ಬರೀ ನೀರೇ ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ, ತಲೆ ಸುತ್ತುತ್ತದೆ. ಕುಡಿದ ಲೋಟವನ್ನು ಅಲ್ಲೇ ಬಿಸಾಡಬೇಡಿ. ಶಿವರಾತ್ರಿ ಮುಗಿದ ಮೇಲೆ ಚಾರ್ಮಾಡಿಯ ಅಂಚು ನೋಡಿದರೆ ಭಕ್ತಿ ಎಲ್ಲಿ ಹೋಯಿತು ಅನ್ನಿಸುತ್ತದೆ.

ಮೊದಲ ದಿನ: ಬೇಲೂರಿನಿಂದ ಮೂಡಿಗೆರೆ ಕಡೆಗೆ

ಹಿಂದಿನ ದಿನವೇ ಬೇಲೂರಿಗೆ ಬಂದು ಉಳಿಯಿರಿ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಕಟ್ಟಿಸಿದ ಚೆನ್ನಕೇಶವನ ಗುಡಿ ನೋಡಲು ಸಂಜೆ ಸಾಕು. ಬೆಳಗ್ಗೆ ಹೊರಟರೆ ಸುಮಾರು 30 ಕಿ.ಮೀ. ದೂರದಲ್ಲಿ ಮೂಡಿಗೆರೆ. ದಾರಿ ಏರಿಳಿತದ್ದು, ಎಲ್ಲೂ ಕಡಿದಾಗಿಲ್ಲ. ಮೊದಲು ಬಯಲು, ಆಮೇಲೆ ನಿಧಾನವಾಗಿ ಕಾಫಿ ತೋಟಗಳು ಶುರು. ಫೆಬ್ರವರಿ-ಮಾರ್ಚ್‌ನಲ್ಲಿ ಒಂದು ಮಳೆ ಬಿದ್ದು ಎಂಟು-ಹತ್ತು ದಿನ ಆಗಿದ್ದರೆ ಕಾಫಿ ಹೂ ಅರಳಿ ಇಡೀ ರಸ್ತೆ ಘಮ್ಮೆನ್ನುತ್ತದೆ. ಮಲ್ಲಿಗೆ ತೋಟವೋ ಅಂದುಕೊಳ್ಳಬೇಕು.

ಉತ್ಸಾಹ ಜಾಸ್ತಿ ಇರುವ ದಿನ ಇದು. ಗಂಟೆಗೆ ನಾಲ್ಕು ಕಿ.ಮೀ. ದಾಟಬೇಡಿ. 30 ಒಂದೇ ದಿನಕ್ಕೆ ಜಾಸ್ತಿ ಅನ್ನಿಸಿದರೆ 22-23ಕ್ಕೆ ನಿಲ್ಲಿಸಿ, ಉಳಿದದ್ದನ್ನು ನಾಳೆಗೆ ಸೇರಿಸಿ. ಎರಡನೇ ದಿನ ಚಿಕ್ಕದಿದೆ.

ಎರಡನೇ ದಿನ: ಬಣಕಲ್ ದಾಟಿ ಕೊಟ್ಟಿಗೆಹಾರ

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಸುಮಾರು 17 ಕಿ.ಮೀ. ಇಷ್ಟೇನಾ, ಇವತ್ತೇ ಘಾಟಿ ಇಳಿದುಬಿಡೋಣ ಅಂತ ತಂಡದಲ್ಲಿ ಒಬ್ಬರಾದರೂ ಹೇಳುತ್ತಾರೆ. ಒಪ್ಪಬೇಡಿ. ಈ ಅರ್ಧ ದಿನದ ವಿಶ್ರಾಂತಿಯೇ ನಾಳೆಯ ಮೊಣಕಾಲು ಉಳಿಸುವುದು. ಮಧ್ಯಾಹ್ನದೊಳಗೆ ಕೊಟ್ಟಿಗೆಹಾರ ಸೇರಿ, ಅಲ್ಲಿನ ಹೆಸರುವಾಸಿ ನೀರುದೋಸೆ ತಿಂದು, ಕಾಲನ್ನು ಗೋಡೆಗೆ ಎತ್ತಿಟ್ಟು ಮಲಗಿ.

ಇದು ಪಶ್ಚಿಮ ಘಟ್ಟದ ತಲೆ. ಹೇಮಾವತಿ ಹುಟ್ಟುವ ಜಾವಳಿ ಇದೇ ಮೂಡಿಗೆರೆ ತಾಲೂಕಿನಲ್ಲಿದೆ. ಆ ನೀರು ಪೂರ್ವಕ್ಕೆ ಹರಿದು ಕಾವೇರಿ ಸೇರುತ್ತದೆ, ನೀವು ನಾಳೆ ಇಳಿಯುವ ಕಡೆಯ ನೀರು ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಊರಿನಲ್ಲಿ ರಸ್ತೆ ಕವಲಾಗುತ್ತದೆ, ಒಂದು ಕಳಸ, ಹೊರನಾಡಿನ ಕಡೆಗೆ. ಕತ್ತಲಲ್ಲಿ ಹೊರಡುವವರು ಹಿಂದಿನ ಸಂಜೆಯೇ ಚಾರ್ಮಾಡಿಯ ದಾರಿ ಯಾವುದು ಅಂತ ನೋಡಿಟ್ಟುಕೊಳ್ಳಿ.

ಮೂರನೇ ದಿನ: ಘಾಟಿ

ಇವತ್ತು ಮಾತ್ರ ನಾಲ್ಕಕ್ಕೆ ಹೊರಡಬೇಡಿ. ಬೆಳಕು ಹರಿಯಲಿ. ಈ ಕಡೆ ಕಾಡಾನೆ ಓಡಾಟ ಇದೆ, ಬೆಳಗಿನ ಮಂಜೂ ಇರುತ್ತದೆ. ತಿರುವುಗಳಲ್ಲಿ ರಸ್ತೆ ಕಿರಿದು, ತಡೆಗೋಡೆಯ ಪಕ್ಕದಲ್ಲಿ ಕಾಲಿಡಲು ಜಾಗ ಇಲ್ಲದ ಕಡೆಗಳೂ ಇವೆ. ಆರಕ್ಕೆ ಹೊರಟರೂ ನಿಧಾನವಾಗಿ ನಡೆದು ಒಂದು ಗಂಟೆಯ ಹೊತ್ತಿಗೆ ಕೆಳಗಿರುತ್ತೀರಿ. ಬೆಳಗ್ಗೆ ಘಾಟಿಯ ಬಹುಪಾಲು ನೆರಳಲ್ಲೇ ಇರುತ್ತದೆ, ಏಕೆಂದರೆ ಇಳಿಜಾರು ಪಶ್ಚಿಮಕ್ಕಿದೆ, ಸೂರ್ಯ ಬೆಟ್ಟದ ಹಿಂದಿನಿಂದ ಮೇಲೇರಬೇಕು.

ಹೊರಡುವ ಮೊದಲು ಶೂ ಲೇಸನ್ನು ಮತ್ತೆ ಕಟ್ಟಿ. ಬೆರಳ ಕಡೆ ಸಡಿಲ, ಗೆಣ್ಣಿನ ಕಡೆ ಬಿಗಿ. ಹಿಮ್ಮಡಿ ಹಿಂದಕ್ಕೆ ಗಟ್ಟಿಯಾಗಿ ಕೂತಿದ್ದರೆ ಬೆರಳು ಮುಂದಕ್ಕೆ ಜಾರುವುದಿಲ್ಲ. ಹೆಜ್ಜೆ ಚಿಕ್ಕದಿರಲಿ, ಎಷ್ಟು ಚಿಕ್ಕದೆಂದರೆ ಪಕ್ಕದವರು ನಗುವಷ್ಟು. ಉದ್ದ ಹೆಜ್ಜೆ ಹಾಕಿದಾಗ ಹಿಮ್ಮಡಿ ಜೋರಾಗಿ ಬಡಿದು ಆ ಪೆಟ್ಟು ನೇರ ಮೊಣಕಾಲಿಗೆ ಹೋಗುತ್ತದೆ. ಮೊಣಕಾಲನ್ನು ಪೂರ್ತಿ ನೆಟ್ಟಗೆ ಮಾಡದೆ ಸ್ವಲ್ಪ ಬಗ್ಗಿಸಿಯೇ ಇಡಿ, ಮೈ ಹಿಂದಕ್ಕೆ ವಾಲಿಸಬೇಡಿ. ಸೊಂಟಕ್ಕಿಂತ ಸ್ವಲ್ಪ ಎತ್ತರದ ಒಂದು ಬಿದಿರು ಕೋಲು ಹಿಡಿದರೆ ಬಹಳ ಭಾರ ಇಳಿಯುತ್ತದೆ. ಓಡುವುದು ಬೇಡ, ಇಳಿಜಾರು ತಾನೇ ಎಳೆದುಕೊಂಡು ಹೋಗುತ್ತದೆ, ಹುಡುಗರು ಅಲ್ಲೇ ಮೋಸ ಹೋಗುವುದು. ಮುಕ್ಕಾಲು ಗಂಟೆಗೊಮ್ಮೆ ಹತ್ತು ನಿಮಿಷ ಕೂತು ತೊಡೆ, ಮೀನಖಂಡ ಎಳೆದು ಸಡಿಲ ಮಾಡಿ.

ತಿರುವು ತಪ್ಪಿಸಿ ಕಾಡಿನೊಳಗೆ ಇಳಿಯುವ ಕಾಲುದಾರಿಗಳು ಕಾಣುತ್ತವೆ. ಬೇಡ. ಸಡಿಲ ಮಣ್ಣು, ಒಣ ಎಲೆ, ಅದರಡಿ ಏನಿದೆಯೋ ಗೊತ್ತಾಗುವುದಿಲ್ಲ. ಮುಂದೆ ಏನೂ ಕಾಣದ ತಿರುವು ಬಂದರೆ, ಅದಕ್ಕೆ ಸಾಕಷ್ಟು ಮೊದಲೇ ರಸ್ತೆಯ ಹೊರಬದಿಗೆ ದಾಟಿಕೊಳ್ಳಿ. ಗಾಡಿಯವರಿಗೆ ದೂರದಿಂದಲೇ ಕಾಣುವ ಜಾಗದಲ್ಲಿರಬೇಕು. ಕೋತಿಗಳ ಎದುರು ತಿಂಡಿ ಪೊಟ್ಟಣ ಬಿಚ್ಚಬೇಡಿ. ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ, ಕೆಳಗೆ ಎಲ್ಲಿ ಸೇರುವುದು ಅಂತ ಮೇಲೆಯೇ ಮಾತಾಡಿಕೊಳ್ಳಿ. ನೀರು ಎರಡು ಲೀಟರ್ ತುಂಬಿಸಿಕೊಳ್ಳಿ.

ಘಾಟಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿ ಇದೆ. ಧರ್ಮಸ್ಥಳದ ಮಂಜುನಾಥನ ಲಿಂಗವನ್ನು ಕದ್ರಿಯಿಂದ ತಂದವನು ಇದೇ ಅಣ್ಣಪ್ಪ ಅಂತ ಐತಿಹ್ಯ. ಗಾಡಿಯವರೂ ನಿಲ್ಲಿಸಿ ಕೈಮುಗಿದೇ ಮುಂದೆ ಹೋಗುವುದು. ಪಾದಯಾತ್ರಿಗಳಿಗೂ ಇಲ್ಲೊಂದು ವಿರಾಮ.

ಕೆಳಗೆ ಚಾರ್ಮಾಡಿ ಮುಟ್ಟುತ್ತಿದ್ದಂತೆ ಗಾಳಿಯೇ ಬೇರೆ. ಮೇಲಿನ ತಂಪು ಇಲ್ಲ, ಸೆಕೆ ಮೈಗೆ ಅಂಟಿಕೊಳ್ಳುತ್ತದೆ, ಕಿವಿಗೆ ತುಳು ಬೀಳುತ್ತದೆ. ಇನ್ನೂ ಕಾಲಿದೆ ಅನ್ನಿಸಿದರೂ ಅವತ್ತಿಗೆ ಚಾರ್ಮಾಡಿ ಅಥವಾ ಸ್ವಲ್ಪ ಮುಂದಿನ ಕಕ್ಕಿಂಜೆಯಲ್ಲಿ ನಿಲ್ಲಿಸಿ. ತಣ್ಣೀರಲ್ಲಿ ಕಾಲು ಇಳಿಬಿಟ್ಟು ಕೂರಿ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಸಿಕ್ಕರೆ ಬಿಡಬೇಡಿ, ಬೆವರಿದ ಮೈಗೆ ಅದಕ್ಕಿಂತ ಒಳ್ಳೆಯದಿಲ್ಲ.

ಬೊಬ್ಬೆ, ಊತ, ಮಾತ್ರೆ

ಬೊಬ್ಬೆ ಏಳುವ ಮೊದಲು ಆ ಜಾಗ ಬಿಸಿಯಾಗಿ ಉರಿಯುತ್ತದೆ. ಆಗಲೇ ನಿಂತು ಟೇಪು ಹಚ್ಚಿ. ಮುಂದಿನ ಊರು ಬರಲಿ ಅಂದರೆ ಕೆಟ್ಟಿತು. ಚಿಕ್ಕ ಬೊಬ್ಬೆಯನ್ನು ಒಡೆಯಬೇಡಿ, ಮೇಲೆ ಪಟ್ಟಿ ಹಾಕಿ. ದೊಡ್ಡದಾಗಿ ನಡೆಯಲು ಆಗದಿದ್ದರೆ ಶುದ್ಧ ಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ, ಮೇಲಿನ ಚರ್ಮ ಕೀಳಬೇಡಿ. ಸೂಜಿಗೆ ದಾರ ಪೋಣಿಸಿ ಬೊಬ್ಬೆಯೊಳಗೇ ಬಿಡುವ ಪದ್ಧತಿ ಇದೆ, ಹಿರಿಯರು ಹೇಳುತ್ತಾರೆ. ಆ ದಾರದ ಮೂಲಕವೇ ಕೊಳೆ ಒಳಗೆ ಹೋಗಿ ಕೀವು ತುಂಬಬಹುದು, ಬೇಡ. ಶಿವರಾತ್ರಿ ಹೊತ್ತಿನಲ್ಲಿ ದಾರಿಯಲ್ಲಿ ವೈದ್ಯಕೀಯ ಶಿಬಿರಗಳಿರುತ್ತವೆ, ಅಲ್ಲಿ ತೋರಿಸಿ.

ನೋವಿನ ಮಾತ್ರೆ ನುಂಗಿ ನಡೆಯುವುದು ಈಗ ಅಭ್ಯಾಸವೇ ಆಗಿದೆ. ಮೈಯಲ್ಲಿ ನೀರು ಕಡಿಮೆಯಾದಾಗ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು. ಅದಲ್ಲದೆ ನೋವು ಮುಚ್ಚಿಹೋದರೆ ಗಾಯ ಎಷ್ಟಾಗಿದೆ ಅಂತ ಗೊತ್ತಾಗುವುದಿಲ್ಲ. ಒಂದೇ ಕಾಲಿನ ಮೀನಖಂಡ ಊದಿ ಕೆಂಪಾಗಿ ಬಿಸಿಯಾದರೆ, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ, ಎದೆ ಹಿಡಿದುಕೊಂಡರೆ ನಡಿಗೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ನಾಲ್ಕನೇ ದಿನ: ಉಜಿರೆ, ನೇತ್ರಾವತಿ, ದರ್ಶನ

ಮುಂಡಾಜೆ, ಸೋಮಂತಡ್ಕ, ಉಜಿರೆ. ಸಮತಟ್ಟು ದಾರಿ, ಎರಡೂ ಬದಿ ಅಡಿಕೆ, ತೆಂಗು. ಸೆಕೆ ಜಾಸ್ತಿ, ಮತ್ತೆ ಬೇಗ ಹೊರಡುವ ಅಭ್ಯಾಸಕ್ಕೆ ಬನ್ನಿ. ಉಜಿರೆಯಲ್ಲಿ ತಿಂಡಿ ಮುಗಿಸಿದರೆ ಧರ್ಮಸ್ಥಳ ಇನ್ನು 9 ಕಿ.ಮೀ. ನೇತ್ರಾವತಿಯ ಸ್ನಾನಘಟ್ಟ ಊರಿಗೆ ಸ್ವಲ್ಪ ಮೊದಲೇ ಸಿಗುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆ, ಜನ ಜಾಸ್ತಿ. ಒಡೆದ ಬೊಬ್ಬೆ ಇದ್ದವರು ಪಾದವನ್ನು ಹೊಳೆ ನೀರಲ್ಲಿ ನೆನೆಸದೆ ತಲೆಗೆ ನೀರು ಚಿಮುಕಿಸಿಕೊಂಡು, ರೂಮಿನಲ್ಲೋ ನಲ್ಲಿಯಲ್ಲೋ ಸ್ನಾನ ಮಾಡಿ.

ಶಿವರಾತ್ರಿಯ ದಿನವೇ ಮುಟ್ಟಿದರೆ ದರ್ಶನದ ಸಾಲು ಗಂಟೆಗಟ್ಟಲೆ. ಸಾಧ್ಯವಾದರೆ ಒಂದು ದಿನ ಮೊದಲೇ ಸೇರುವಂತೆ ಹೊರಡಿ, ದರ್ಶನ ಮುಗಿಸಿ ಶಿವರಾತ್ರಿಯ ಜಾಗರಣೆಗೆ ಆರಾಮಾಗಿ ಕೂರಬಹುದು. ಸಾಲಿನಲ್ಲಿ ನಿಲ್ಲುವುದು ನಡೆಯುವುದಕ್ಕಿಂತ ಕಷ್ಟ, ಹೊಟ್ಟೆಗೆ ಏನಾದರೂ ಹಾಕಿಕೊಂಡೇ ನಿಲ್ಲಿ. ಗಂಡಸರು ಅಂಗಿ, ಬನಿಯನ್ ತೆಗೆದು ಒಳಗೆ ಹೋಗಬೇಕು. ಆಮೇಲೆ ಅನ್ನಪೂರ್ಣ ಛತ್ರದಲ್ಲಿ ಊಟ. ಕಾಲಿಗೆ ಇನ್ನೂ ಆಸೆ ಇದ್ದರೆ ರತ್ನಗಿರಿಯ ಮೇಲಿನ 39 ಅಡಿಯ ಬಾಹುಬಲಿ ಇದ್ದಾನೆ, 1982ರಲ್ಲಿ ಪ್ರತಿಷ್ಠಾಪನೆ ಆದದ್ದು. ಬೊಬ್ಬೆ ಇದ್ದವರು ಆಟೋದಲ್ಲಿ ಹೋಗಿ, ಯಾರೂ ಏನೂ ಅನ್ನುವುದಿಲ್ಲ.

ವಾಪಸ್ ಬರುವ ಬಸ್ಸಿನ ಟಿಕೆಟ್ ಹೊರಡುವ ಮೊದಲೇ ಕಾದಿರಿಸಿ. ಶಿವರಾತ್ರಿ ಮಾರನೇ ದಿನ ಬಸ್ ನಿಲ್ದಾಣದ ನೂಕುನುಗ್ಗಲಲ್ಲಿ ನಿಂತುಕೊಂಡು ಬೆಂಗಳೂರಿಗೆ ಬರುವ ಗತಿ ಬೇಡ. ಬಸ್ಸಿನಲ್ಲಿ ಶೂ ಬಿಚ್ಚಿ ಚಪ್ಪಲಿ ಹಾಕಿಕೊಳ್ಳಿ, ಪಾದವನ್ನು ಆಡಿಸುತ್ತಿರಿ, ಬಸ್ ನಿಲ್ಲಿಸಿದಾಗಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಿ. ಮನೆಗೆ ಬಂದ ಮೇಲೂ ಎರಡು-ಮೂರು ದಿನ ಮೆಟ್ಟಿಲು ಇಳಿಯುವಾಗ ತೊಡೆ ನೋಯುತ್ತದೆ, ಪಕ್ಕದ ಕಂಬಿ ಹಿಡಿದುಕೊಂಡು ಇಳಿಯಿರಿ. ಒಂದು ವಾರದಲ್ಲೂ ಮೊಣಕಾಲಿನ ನೋವು ಇಳಿಯದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.